ಕಾಳಿಯ ನಾಡಿನಲ್ಲಿ ಕುಂಟುವ ಮರಿಗಳು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕ ವರ್ಷ 872, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲರತನೆಂಬ ವೀರನಿಗೆ ಬೇಕಾದುದನ್ನು ಬೇಡಲು ಅವಕಾಶ ದೊರೆಯಿತು. ಅವನು ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನು. ಮುಂದೆ ಬೆಳ್ತೂರಿನ ಪಡುವಣ ಗುಡ್ಡದಲ್ಲಿ ಭಾರಿ ಹಂದಿಯೊಂದರ ಮೇಲೆ ಬಿದ್ದ ಕಾಳಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಆ ಕಲ್ಲಿನ ಮೇಲ್ಭಾಗದಲ್ಲಿದೆ.

ಸಾವಿರ ವರ್ಷಗಳ ಹಿಂದಿನ ಈ ಕಥೆಯನ್ನು ನೆನೆಯಲು ಕಾರಣವಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಕಬ್ಬಿನ ಗದ್ದೆಗಳಲ್ಲಿ, ಕುರುಚಲು ಗುಡ್ಡಗಳಲ್ಲಿ ಇಂದು ಚಿರತೆಗಳ ಓಡಾಟವಿದೆ. ತೋಟದ ಮನೆಯವರಿಗೆ ಕಾವಲಿನ ನಾಯಿ ಬೇಕು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೀಲರ್, ಗ್ರೇಟ್ ಡೇನ್ ಮರಿಗಳು ಹಳ್ಳಿಗಳಿಗೂ ಬಂದಿವೆ. ಚೆನ್ನಾಗಿಯೇ ಬೆಳೆಯುತ್ತಿದ್ದ ಮರಿ ಆರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಮುಂಗಾಲೆತ್ತಿ ಕುಂಟುತ್ತದೆ. ಯಾರೋ ಕಲ್ಲೆಸೆದರೆಂದು ಒಬ್ಬರೆನ್ನುತ್ತಾರೆ. ಸುಣ್ಣದಂಶ ಸಾಲದೆಂದು ಇನ್ನೊಬ್ಬರು ಕ್ಯಾಲ್ಸಿಯಂ ಬಾಟಲಿ ತರುತ್ತಾರೆ. ಈ ಎರಡನೆಯ ಮಾತು ಎಲ್ಲಿಂದ ಬಂತು, ಎಷ್ಟು ನಿಜ ಎಂಬುದಕ್ಕೇ ಒಂದು ಇತಿಹಾಸವಿದೆ.

ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಬಡ ಬಡಾವಣೆಗಳ ಮಕ್ಕಳಲ್ಲಿ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗ ವ್ಯಾಪಕವಾಗಿತ್ತು. ಅದರ ಕಾರಣ ಹುಡುಕಲು ಹೊರಟ ಎಡ್ವರ್ಡ್ ಮೆಲನ್‌ಬಿ ಲಂಡನ್ನಿನಲ್ಲಿ ನಾಯಿಮರಿಗಳನ್ನು ಒಳಾಂಗಣದಲ್ಲಿ ಸಾಕಿ, ಬ್ರೆಡ್ಡು, ಓಟ್ಸ್ ಹಿಟ್ಟಿನಂಥ ಆಹಾರ ಕೊಟ್ಟರು. ಮರಿಗಳ ಮೂಳೆ ಮೆತ್ತಗಾಯಿತು. ಕಾಡ್ ಮೀನಿನ ಯಕೃತ್ತಿನ ಎಣ್ಣೆ ಬೆರೆಸಿದಾಗ ರೋಗ ಬರಲಿಲ್ಲ. 1919ರಲ್ಲಿ ಪ್ರಕಟವಾದ ಈ ಫಲಿತಾಂಶವೇ ಮುಂದೆ ಜೀವಸತ್ವ ‘ಡಿ’ಯ ಶೋಧಕ್ಕೆ ದಾರಿಯಾಯಿತು. ಮನುಷ್ಯನ ಮಕ್ಕಳ ಕಾಲು ನೆಟ್ಟಗಾದದ್ದರಲ್ಲಿ ಈ ಮೂಕ ಮರಿಗಳ ಪಾಲಿದೆಯೆಂಬುದನ್ನು ನಾವು ಮರೆಯಬಾರದು.

ಈ ಶೋಧದಿಂದ ಜನರ ಮನಸ್ಸಿನಲ್ಲಿ ಒಂದು ಸರಳ ಸೂತ್ರ ನಿಂತಿತು: ಮೂಳೆಯ ತೊಂದರೆಯೆಂದರೆ ಕೊರತೆ; ಕೊರತೆಗೆ ಔಷಧಿ ಹೆಚ್ಚು ಕೊಡುವುದು. ಭಾರಿ ಜಾತಿಯ ಮರಿಗಳಲ್ಲಿ ಈ ಸೂತ್ರ ತಲೆಕೆಳಗಾಗುತ್ತದೆ. ಹುಟ್ಟುವಾಗ ಸುಮಾರು ಅರ್ಧ ಕಿಲೋ ತೂಗುವ ಗ್ರೇಟ್ ಡೇನ್ ಮರಿ ಒಂದೇ ವರ್ಷದಲ್ಲಿ 50 ಕಿಲೋ ಮುಟ್ಟಬಲ್ಲದು. ಮನುಷ್ಯನ ಮಗುವಿಗೆ ಅದಕ್ಕೆ ಹದಿನೈದು ವರ್ಷವಾದರೂ ಬೇಕು. ಇಷ್ಟು ಅವಸರದಲ್ಲಿ ಕಟ್ಟುವ ಮೂಳೆಯ ಮೇಲೆ ಬೊಜ್ಜನ್ನೂ ಹೇರಿದರೆ ಏನಾದೀತು? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ 1974ರಲ್ಲಿ ಬಂದ ಅಧ್ಯಯನ ಉತ್ತರ ಕೊಟ್ಟಿತು. ಬೇಕೆಂದಷ್ಟು ತಿಂದ ಗ್ರೇಟ್ ಡೇನ್ ಮರಿಗಳಲ್ಲಿ ಮೂಳೆ, ಕೀಲುಗಳ ದೋಷ ಹೆಚ್ಚು. ಮಿತವಾಗಿ ತಿಂದವುಗಳಲ್ಲಿ ಕಡಿಮೆ. 1985ರಲ್ಲಿ ಹಾಲೆಂಡಿನ ಉಟ್ರೆಕ್ಟ್‌ನ ಹೇಜ಼ವಿಂಕಲ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಎಳೆಯ ಮರಿಯ ಕರುಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ಬೇಡವೆಂದು ತಡೆಯಲಾರದು. ಕೊಟ್ಟಷ್ಟೂ ಒಳಗೆ ಸೇರಿ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ.

ಹಾಗಾದರೆ ನಮ್ಮ ರಾಗಿ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಇದೇ ಮೇಲು. ಆದರೂ ಬೆಳೆಯುವ ದೊಡ್ಡ ಜಾತಿಯ ಮರಿಗೆ 1000 ಕ್ಯಾಲೊರಿ ಆಹಾರಕ್ಕೆ ಸುಮಾರು 3 ಗ್ರಾಂ ಬೇಕಾದರೆ, ಅಷ್ಟೇ ಕ್ಯಾಲೊರಿಯ ರಾಗಿಯಲ್ಲಿ ಸಿಗುವುದು ಸುಮಾರು ಒಂದು ಗ್ರಾಂ. ಅದರಲ್ಲೂ ಒಂದು ಭಾಗವನ್ನು ಕಾಳಿನಲ್ಲಿರುವ ಫೈಟಿಕ್ ಆಮ್ಲ ಹಿಡಿದಿಡುತ್ತದೆ. ಬರಿಯ ಮುದ್ದೆ ಸಾಲದು. ಬರಿಯ ಮಾಂಸವೂ ಸಲ್ಲದು. ಅದರಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಇಪ್ಪತ್ತು ಪಟ್ಟು ಹೆಚ್ಚು. ಬಿಸಿಲಿಗೆ ಕಟ್ಟಿದರೆ ಸಾಕೆಂಬ ನಂಬಿಕೆಯೂ ನಿಲ್ಲುವುದಿಲ್ಲ. ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ಜೀವಸತ್ವ ‘ಡಿ’ ತಯಾರಿಸಲಾರದೆಂದು ಉಟ್ರೆಕ್ಟ್‌ನವರೇ 1994ರಲ್ಲಿ ತೋರಿಸಿದರು. ಮನೆಯ ಊಟವಾದರೆ ಅದರ ಹದವನ್ನು ಪಶುವೈದ್ಯರಿಂದ ಕೇಳಿ ತಿಳಿಯಬೇಕು. ದೊಡ್ಡ ಜಾತಿಯ ಮರಿಗೆಂದೇ ತಯಾರಾದ ಸಮತೋಲನ ಆಹಾರ ಕೊಡುತ್ತಿದ್ದರೆ, ಅದರ ಮೇಲೆ ಕ್ಯಾಲ್ಸಿಯಂ ಸುರಿಯಬಾರದು.

ಕುಂಟುವುದೆಲ್ಲ ಒಂದೇ ರೋಗವಲ್ಲ. ಬೆಳವಣಿಗೆಯ ನೋವೆಂದು ಕರೆಯುವ ಪ್ಯಾನೊಸ್ಟೈಟಿಸ್ ಸಾಮಾನ್ಯವಾಗಿ ಐದರಿಂದ ಹದಿನೆಂಟು ತಿಂಗಳ ಮರಿಗಳಿಗೆ, ಅದರಲ್ಲೂ ಜರ್ಮನ್ ಶೆಫರ್ಡ್‌ಗಳಿಗೆ ಬರುತ್ತದೆ. ನೋವು ಇರುವುದು ಕೀಲಿನಲ್ಲಲ್ಲ, ಉದ್ದ ಮೂಳೆಯ ಒಳಗೆ. ಇಂದು ಈ ಕಾಲು, ಕೆಲವು ವಾರಗಳ ಮೇಲೆ ಆ ಕಾಲು. ವಿಶ್ರಾಂತಿ, ವೈದ್ಯರು ಕೊಟ್ಟ ನೋವಿನ ಔಷಧಿ, ಕಾಲ - ಇವೇ ಚಿಕಿತ್ಸೆ. ಬೆಳವಣಿಗೆ ಮುಗಿಯುವ ಹೊತ್ತಿಗೆ ತಾನೇ ಹೋಗುತ್ತದೆ. ಮನೆಯಲ್ಲಿ ನಮಗಿರುವ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್ ನಾಯಿಗೆ ವಿಷ. ಆದರೆ ಒಂದೇ ಕಾಲು ಬಿಡದೆ ಕುಂಟುತ್ತಿದ್ದರೆ, ಮಣಿಕಟ್ಟು ಊದಿ ಜ್ವರ ಬಂದಿದ್ದರೆ, ಎದ್ದು ನಿಲ್ಲಲು ಹಿಂಗಾಲು ತಡವರಿಸಿದರೆ ಕಾಯಬಾರದು. ಕೀಲಿನ ದೋಷವೋ, ಉಣ್ಣೆ ಕಡಿತದಿಂದ ಬಂದ ಜ್ವರವೋ ಎಂದು ಎಕ್ಸ್-ರೇ, ರಕ್ತಪರೀಕ್ಷೆಗಳೇ ಹೇಳಬೇಕು.

ಮಿತವಾಗಿ ಉಣಿಸುವುದು ಕ್ರೌರ್ಯವೆಂದು ಕೆಲವರಿಗೆ ಅನ್ನಿಸೀತು. 48 ಲ್ಯಾಬ್ರಡಾರ್‌ಗಳನ್ನು ಮರಿಗಳಿದ್ದಾಗಿನಿಂದ ಜೋಡಿ ಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲೂ ಒಂದಕ್ಕೆ ಕಾಲು ಭಾಗ ಕಡಿಮೆ ಆಹಾರ ಕೊಟ್ಟ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಕಡಿಮೆ ತಿಂದವು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದವು. ಕೀಲುನೋವೂ ತಡವಾಗಿ ಬಂತು. ಮರಿಯ ಪಕ್ಕೆಲುಬು ಕೈಗೆ ಸುಲಭವಾಗಿ ಸಿಗುವಂತಿರಬೇಕು, ಕಣ್ಣಿಗೆ ಎದ್ದು ಕಾಣಬಾರದು. ಇದು ಯಾರೂ ಇಟ್ಟುಕೊಳ್ಳಬಹುದಾದ ಅಳತೆ.

ಆತಕೂರಿನ ಶಾಸನದಲ್ಲಿ ಕೊನೆಗೊಂದು ಮಾತಿದೆ. ಕಾಳಿಯ ಕಲ್ಲಿಗೆ ಭೂಮಿ ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲೆಂದು ಬರೆಯಲಾಯಿತು. ಸತ್ತ ನಾಯಿಯ ಋಣವನ್ನೂ ಮನುಷ್ಯನ ಊಟಕ್ಕಿಂತ ಮುಂದಿಟ್ಟ ನಾಡು ಇದು. ಬದುಕಿರುವ ಮರಿಯ ಋಣ ತೀರಿಸಲು ಕಲ್ಲು ನಿಲ್ಲಿಸಬೇಕಾಗಿಲ್ಲ. ತಟ್ಟೆಗೆ ಹಾಕುವ ಮೊದಲು ಅಳೆದು ಹಾಕಿ, ಅದನ್ನು ನಿಧಾನವಾಗಿ ಬೆಳೆಯಲು ಬಿಟ್ಟರೆ ಸಾಕು.