ಏಳುನೂರು ಅಡಿ

1990ರ ಫೆಬ್ರವರಿ 14ರ ಮಧ್ಯಾಹ್ನ, ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಬೆಂಗಳೂರಿನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಚಲ್ಲಘಟ್ಟದ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಮಳೆಯಿಲ್ಲ, ಮಂಜಿಲ್ಲ. ಮತ್ತೆ ಬಿದ್ದದ್ದೇಕೆ?

ದೊಮ್ಮಲೂರಿನ ನಮ್ಮ ಮಾಮೂಲಿ ಹೋಟೆಲಿನಲ್ಲಿ ಬೈಟು ಕಾಫಿಗೊಂದು ಸಿದ್ಧಾಂತ ಹುಟ್ಟುತ್ತಿತ್ತು. ಒಬ್ಬರು ಹದ್ದು ಬಡಿಯಿತೆಂದರೆ, ಇನ್ನೊಬ್ಬರು ಬಾಂಬೆಂದರು. ಗಟ್ಟಿಯಾಗಿ ನಿಂತದ್ದು ಮಾತ್ರ "ಕಂಪ್ಯೂಟರ್ ಕೈಕೊಡ್ತು ಸಾರ್" ಎಂಬ ಮಾತು. ಅದು ಹೊಸ ಏರ್‌ಬಸ್ ಎ320. ಅದೇ ಮಾದರಿಯ ವಿಮಾನ 1988ರಲ್ಲಿ ಫ್ರಾನ್ಸಿನ ಹಾಬ್ಸ್‌ಹೈಮ್‌ನ ಪ್ರದರ್ಶನದಲ್ಲಿ ಕಾಡಿಗೆ ಬಿದ್ದಿತ್ತು. ಸರ್ಕಾರವೂ ಉಳಿದ ಎ320ಗಳನ್ನು ನೆಲಕ್ಕಿಳಿಸಿದ್ದು ಈ ವಾದಕ್ಕೆ ಬಲ ಕೊಟ್ಟಿತು.

ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆಯಲ್ಲಿ ಹೊರಬಿದ್ದದ್ದು ಬೇರೆ. ಎಂಜಿನ್‌ಗಳು ಕನಿಷ್ಠ ಬಲದಲ್ಲಿದ್ದವು, ವೇಗ ಕುಸಿಯುತ್ತಿತ್ತು. ಪೈಲಟ್‌ಗಳು ಎಚ್ಚೆತ್ತು ಬಲ ಹೆಚ್ಚಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಸ್ಥಿತಿಗೆ ಬಂದದ್ದು ಹೇಗೆ? ನಿಮಿಷಕ್ಕೆ 700 ಅಡಿಯಂತೆ ಇಳಿಯಲು ಒಂದು ಗುಂಡಿ ತಿರುಗಿಸಬೇಕಿತ್ತು. ಬಹುಶಃ ಪಕ್ಕದಲ್ಲಿದ್ದ, ಎತ್ತರ ನಿಗದಿಮಾಡುವ ಗುಂಡಿ ತಿರುಗಿ, ಅದರಲ್ಲಿ 700 ಬಿತ್ತು. ಬೆಂಗಳೂರು ಇರುವುದೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲೆ. ಯಂತ್ರ ಎಂಜಿನ್‌ಗಳ ಬಲ ತಗ್ಗಿಸಿ, ನೆಲದಡಿಯ ಎತ್ತರವನ್ನು ಹುಡುಕಿಕೊಂಡು ಇಳಿಯಿತು.

ಆ ಕೈಯನ್ನು ಕಂಡವರು ಯಾರೂ ಉಳಿಯಲಿಲ್ಲ. ಹಾಗಾಗಿ ಇದೂ ಊಹೆಯೇ, ಆದರೆ ದಾಖಲೆಗೆ ಹೊಂದುವ ಊಹೆ. ಬರೀ 'ಪೈಲಟ್ ತಪ್ಪು' ಎಂದು ಕಡತ ಮುಚ್ಚುವುದನ್ನು ನಾನಂತೂ ಒಪ್ಪಲಾರೆ. ಅಷ್ಟು ಬೇರೆ ಕೆಲಸದ ಎರಡು ಗುಂಡಿಗಳನ್ನು ಅಕ್ಕಪಕ್ಕ ಕೂರಿಸಿದವರಿಗೂ ಅದರಲ್ಲಿ ಪಾಲಿದೆ.