ತೂಷ್ಣೀಂಯುದ್ಧವೂ ಸೈಬರ್ ದಾಳಿಯೂ

ಕೌಟಿಲ್ಯನು ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ ವಿಕ್ರಮವನ್ನು ಪ್ರಕಾಶಯುದ್ಧ, ಕೂಟಯುದ್ಧ, ತೂಷ್ಣೀಂಯುದ್ಧಗಳೆಂದು ಮೂರು ಬಗೆಯಾಗಿ ವಿಭಾಗಿಸಿರುವನು. ಬಹಿರಂಗವಾಗಿ ಕಾದುವುದು ಮೊದಲನೆಯದು. ವಂಚನೆಯಿಂದ ಮೇಲೆಬೀಳುವುದು ಎರಡನೆಯದು. ಗೂಢಪುರುಷರಿಂದಲೂ ಉಪಜಾಪದಿಂದಲೂ ಸದ್ದಿಲ್ಲದೆ ಶತ್ರುವನ್ನು ಕೆಡಿಸುವುದು ಮೂರನೆಯದು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು ೧೯೦೯ರಲ್ಲಿ ಅಚ್ಚುಹಾಕಿಸಿ ನೂರು ವರ್ಷಗಳು ತುಂಬುವುದರೊಳಗಾಗಿಯೇ ಈ ಮೂರನೆಯ ಬಗೆಯು ಹೊಸ ವೇಷದಿಂದ ರಾಷ್ಟ್ರಗಳ ಮುಂದೆ ಬಂದು ನಿಂತಿತು. ಕಂಪ್ಯೂಟರುಗಳ ಮೂಲಕ ನಡೆಯುವ ದಾಳಿಯನ್ನು ಯುದ್ಧವೆನ್ನಬಹುದೇ ಎಂಬುದೇ ವಿವಾದವು.

ತೂಷ್ಣೀಂಯುದ್ಧವೆಂಬ ಹೆಸರನ್ನು ಕಂಡೊಡನೆ, ಪ್ರಾಚೀನರು ಇದನ್ನು ನಿರ್ಣಯಿಸಿಯೇ ಇದ್ದರೆಂದು ಹೇಳಬೇಕೆನ್ನಿಸುವುದು ಸಹಜ. ಆದರೆ ಅದು ಆತುರದ ಮಾತಾದೀತು. ಕೌಟಿಲ್ಯನು ಉಪದೇಶಿಸುವುದು ವಿಜಿಗೀಷುವಿಗೆ, ಎಂದರೆ ಪೆಟ್ಟು ಕೊಡುವವನಿಗೆ. ಪೆಟ್ಟು ತಿಂದವನು ಅದನ್ನು ಯುದ್ಧವೆಂದು ಸಾರಿ ಆಯುಧವನ್ನೆತ್ತಬಹುದೇ ಎಂಬುದು ಅಲ್ಲಿಯ ಪ್ರಶ್ನೆಯೇ ಅಲ್ಲ. ಈಗಿನ ವಿವಾದವೆಲ್ಲ ಈ ಎರಡನೆಯವನದು.

೨೦೦೭ರ ಏಪ್ರಿಲ್ ತಿಂಗಳಲ್ಲಿ ಎಸ್ಟೋನಿಯ ದೇಶದವರು ಸೋವಿಯತ್ ಕಾಲದ ಕಂಚಿನ ಯೋಧನ ವಿಗ್ರಹವೊಂದನ್ನು ರಾಜಧಾನಿಯಾದ ಟಾಲಿನ್ನಿನ ನಡುವಿನಿಂದ ಬೇರೆಡೆಗೆ ಸಾಗಿಸಿದರು. ಅದರ ಬೆನ್ನಿಗೇ ಸರಕಾರದ, ಬ್ಯಾಂಕುಗಳ, ಪತ್ರಿಕೆಗಳ ಜಾಲತಾಣಗಳು ಸುಮಾರು ಮೂರು ವಾರಗಳ ಕಾಲ ದಾಳಿಗೆ ಸಿಕ್ಕಿ ತತ್ತರಿಸಿದುವು. ಶಂಕೆಯು ರಷ್ಯದ ಮೇಲೆ ಹೋಯಿತು; ರಷ್ಯವು ಅಲ್ಲಗಳೆಯಿತು. ಎಸ್ಟೋನಿಯವು ನ್ಯಾಟೋ ಒಕ್ಕೂಟಕ್ಕೆ ಸೇರಿದ್ದರೂ ಒಕ್ಕೂಟವು ಇದನ್ನು ಶಸ್ತ್ರಾಕ್ರಮಣವೆಂದು ಗಣಿಸಲಿಲ್ಲ. ಸೈಬರ್ ದಾಳಿಯೂ ಸಾಮೂಹಿಕ ರಕ್ಷಣೆಗೆ ಕಾರಣವಾಗಬಹುದೆಂದು ಅದು ಸಾರಿದುದು ೨೦೧೪ರಲ್ಲಿ.

೧೯೪೫ರ ವಿಶ್ವಸಂಸ್ಥೆಯ ಸನ್ನದು ‘ಬಲಪ್ರಯೋಗ’ವನ್ನು ಎರಡನೆಯ ವಿಧಿಯಲ್ಲಿ ನಿಷೇಧಿಸಿ, ‘ಶಸ್ತ್ರಾಕ್ರಮಣ’ವಾದಾಗ ಆತ್ಮರಕ್ಷಣೆಯ ಹಕ್ಕನ್ನು ೫೧ನೆಯ ವಿಧಿಯಲ್ಲಿ ಒಪ್ಪಿದೆ. ಈ ಎರಡು ಶಬ್ದಗಳ ನಡುವಣ ಅಂತರದಲ್ಲಿಯೇ ವಿವಾದವೆಲ್ಲ ಸಿಕ್ಕಿಕೊಂಡಿರುವುದು. ೨೦೧೩ರಲ್ಲಿ ಪ್ರಕಟವಾದ ‘ಟಾಲಿನ್ ಕೈಪಿಡಿ’ಯಲ್ಲಿ ವಿದ್ವಾಂಸರು ಸಾಧನವನ್ನು ಬಿಟ್ಟು ಪರಿಮಾಣವನ್ನೂ ಫಲವನ್ನೂ ಅಳತೆಗೋಲಾಗಿ ಹಿಡಿದರು. ೨೦೧೦ರಲ್ಲಿ ಬಯಲಿಗೆ ಬಂದ ಸ್ಟಕ್ಸ್‌ನೆಟ್ ಎಂಬುದು ಇರಾನಿನ ನತಾಂಜಿನಲ್ಲಿ ಯುರೇನಿಯಮ್ಮನ್ನು ಸಂಸ್ಕರಿಸುವ ಯಂತ್ರಗಳ ವೇಗವನ್ನು ಏರುಪೇರು ಮಾಡಿ ಅವುಗಳನ್ನು ಕೆಡಿಸಿತಷ್ಟೆ. ಅದು ಬಲಪ್ರಯೋಗವೆಂದು ಆ ವಿದ್ವಾಂಸರೆಲ್ಲ ಒಪ್ಪಿದರೂ ಶಸ್ತ್ರಾಕ್ರಮಣವೇ ಎಂಬಲ್ಲಿ ಒಮ್ಮತಕ್ಕೆ ಬರಲಿಲ್ಲ.

ಆದರೆ ‘ಯುದ್ಧ’ ಶಬ್ದದ ಅರ್ಥವಿಚಾರವು ನಿಜವಾಗಿ ನಡೆದುದು ವಿಮೆಯ ಕರಾರಿನ ವ್ಯಾಜ್ಯವೊಂದರಲ್ಲಿ! ೨೦೧೭ರ ಜೂನ್ ೨೭ರಂದು ಯುಕ್ರೇನಿನಲ್ಲಿ ತೆರಿಗೆಯ ಲೆಕ್ಕಕ್ಕೆ ಬಳಸುತ್ತಿದ್ದ ತಂತ್ರಾಂಶವೊಂದರ ಮೂಲಕ ‘ನಾಟ್‌ಪೆಟ್ಯ’ವೆಂಬ ದುಷ್ಟ ತಂತ್ರಾಂಶವು ಹೊರಟು, ಗಡಿಗಳನ್ನು ದಾಟಿ, ಅಮೆರಿಕದ ಮರ್ಕ್ ಎಂಬ ಔಷಧದ ಕಂಪೆನಿಯ ಸಾವಿರಾರು ಕಂಪ್ಯೂಟರುಗಳನ್ನು ಹಾಳುಗೆಡವಿತು. ಕಂಪೆನಿಯು ಹೇಳಿದ ನಷ್ಟವು ಸುಮಾರು ೧೪೦ ಕೋಟಿ ಡಾಲರುಗಳು. ಸರಕಾರಗಳು ನಡೆಸುವ ವೈರದ ಅಥವಾ ಯುದ್ಧಸದೃಶವಾದ ಕಾರ್ಯದಿಂದಾದ ಹಾನಿಗೆ ಪರಿಹಾರವಿಲ್ಲವೆಂದು ಕರಾರಿನಲ್ಲಿದ್ದುದನ್ನು ಹಿಡಿದು ವಿಮೆಯವರು ಹಣ ಕೊಡಲೊಪ್ಪಲಿಲ್ಲ. ೨೦೧೮ರ ಫೆಬ್ರವರಿಯಲ್ಲಿ ಅಮೆರಿಕ, ಬ್ರಿಟನ್ ಸರಕಾರಗಳೆರಡೂ ಇದು ರಷ್ಯದ ಸೈನ್ಯದ ಕೃತ್ಯವೆಂದು ಸಾರಿದ್ದರಿಂದ ಅವರ ವಾದಕ್ಕೆ ಬಲವಿದ್ದಂತೆಯೇ ಕಂಡಿತು.

ಯೋಗಾರ್ಥಕ್ಕಿಂತ ರೂಢಾರ್ಥವು ಬಲವತ್ತರವೆಂಬುದು ನಮ್ಮ ಮೀಮಾಂಸಕರ ಮತವಷ್ಟೆ. ನ್ಯೂಜೆರ್ಸಿಯ ನ್ಯಾಯಾಲಯವು ಆ ಶಾಸ್ತ್ರವನ್ನು ಕೇಳದೆಯೇ ಅದೇ ದಾರಿಯನ್ನು ಹಿಡಿಯಿತು. ಇಂತಹ ಕರಾರುಗಳಲ್ಲಿ ಆ ಮಾತಿಗೆ ಬಹುಕಾಲದಿಂದ ನಡೆದುಬಂದ ಅರ್ಥವು ಸೇನೆಗಳ ಕಾದಾಟ. ಸೈಬರ್ ದಾಳಿಗಳು ಹೆಚ್ಚುತ್ತಿರುವುದನ್ನು ಕಂಡೂ ವಿಮೆಯವರು ಮಾತನ್ನು ತಿದ್ದಲಿಲ್ಲ. ಆದುದರಿಂದ ಹೊಸ ಅರ್ಥವನ್ನು ವಿಮೆ ಮಾಡಿಸಿದವನ ಮೇಲೆ ಹೇರಲಾಗದೆಂದಿತು. ೨೦೨೩ರ ಮೇ ತಿಂಗಳಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ೨೦೨೪ರ ಜನವರಿಯಲ್ಲಿ ಉಭಯಪಕ್ಷದವರೂ ರಾಜಿಯಾದರು.

ಸರಕಾರವು ಸೈನ್ಯದ ಕೃತ್ಯವೆಂದುದನ್ನು ನ್ಯಾಯಾಲಯವು ಯುದ್ಧವಲ್ಲವೆಂದರೆ ವಿರೋಧವಿಲ್ಲವೇ ಎಂದು ಕೇಳಬಹುದು. ಇಲ್ಲ, ಸರಕಾರವು ಹೇಳಿದುದು ಕರ್ತೃವನ್ನು, ನ್ಯಾಯಾಲಯವು ವಿಚಾರಿಸಿದುದು ಶಬ್ದಾರ್ಥವನ್ನು. ವಿಷಯಭೇದವಿರುವಲ್ಲಿ ವಿರೋಧವೆಲ್ಲಿಯದು?

ಎಲ್ಲ ಸೈಬರ್ ದಾಳಿಗಳನ್ನೂ ಯುದ್ಧವೆಂದು ಕರೆದರೆ ಪ್ರತಿಯಾಗಿ ಬಾಂಬುಗಳು ಬೀಳುವುವು; ಕರ್ತೃವು ಮರೆಯಲ್ಲಿರುವುದೇ ಇಂತಹ ದಾಳಿಯ ಸ್ವಭಾವವಾದುದರಿಂದ ಅವು ನಿರಪರಾಧಿಗಳ ಮೇಲೆ ಬೀಳುವ ಸಂಭವವೂ ಹೆಚ್ಚು. ಯಾವುದನ್ನೂ ಯುದ್ಧವೆನ್ನದಿದ್ದರೆ, ಆಸ್ಪತ್ರೆಯ ದೀಪವನ್ನಾರಿಸಿ ರೋಗಿಗಳನ್ನು ಕೊಂದವನೂ ಕಳ್ಳನ ಸಾಲಿಗೇ ಸೇರುವನು. ಪ್ರಾಣಹಾನಿಯನ್ನೂ ಪ್ರಾಣಧಾರಣೆಯ ಸಾಧನಗಳ ನಾಶವನ್ನೂ ಎಲ್ಲೆಯಾಗಿರಿಸಿ, ಕಾಗದಪತ್ರಗಳ ಕಳವನ್ನೂ ಜಾಲತಾಣಗಳ ತಡೆಯನ್ನೂ ಅದರ ಹೊರಗಿಡುವುದೇ ಯುಕ್ತವು. ಕೈಪಿಡಿಯ ಫಲವಾದವು ಈ ಕಾರಣದಿಂದ ಗ್ರಾಹ್ಯವಾದುದು.

ವಿಮೆಯವರಂತೂ ಹಳೆಯ ಶಬ್ದವನ್ನು ನೆಚ್ಚಿ ಕೂರಲಿಲ್ಲ. ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯು ೨೦೨೨ರ ಆಗಸ್ಟಿನಲ್ಲಿ ಆಜ್ಞೆ ಹೊರಡಿಸಿ, ರಾಜ್ಯಗಳ ಬೆಂಬಲದಿಂದ ನಡೆಯುವ ಭಾರಿ ಸೈಬರ್ ದಾಳಿಗಳನ್ನು ೨೦೨೩ರ ಮಾರ್ಚ್ ೩೧ರಿಂದ ಸೈಬರ್ ವಿಮೆಯ ಕರಾರುಗಳಲ್ಲಿ ಬೇರೆಯ ಮಾತುಗಳಿಂದಲೇ ಹೊರಗಿಡತಕ್ಕದ್ದೆಂದು ವಿಧಿಸಿತು.