ಶಾಲಾ ಮೈಕ್ರೊಕಂಪ್ಯೂಟರ್

ಮಕ್ಕಳಿಗೆ ಗಣಕವನ್ನು ಮೊದಲು ಪರಿಚಯಿಸಲು ಬಳಸುವ, ಅಲ್ಪ ಸ್ಮೃತಿಯ ಸರಳ ಯಂತ್ರ ಅಥವಾ ಜೋಡಣಾ ಕಿಟ್. ಭಾರತದ ಮಟ್ಟಿಗೆ ಈ ಹೆಸರು ಮುಖ್ಯವಾಗಿ ಸಲ್ಲುವುದು ಕ್ಲಾಸ್ (ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಮತ್ತು ಅಧ್ಯಯನ) ಯೋಜನೆಯಡಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊಗೆ.

ಇತಿಹಾಸ: ಬ್ರಿಟನ್ನಿನ ಏಕಾರ್ನ್ ಕಂಪನಿ ಬಿಬಿಸಿ ಮೈಕ್ರೊವನ್ನು 1981ರಲ್ಲಿ ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಕಾರ್ಯಕ್ರಮಕ್ಕಾಗಿ ತಯಾರಿಸಿತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಶಿಕ್ಷಣ ಸಚಿವಾಲಯ 1984-85ರಲ್ಲಿ ಸುಮಾರು 250 ಶಾಲೆಗಳಲ್ಲಿ ಕ್ಲಾಸ್ ಯೋಜನೆಯನ್ನು ಪ್ರಯೋಗವಾಗಿ ಆರಂಭಿಸಿದವು. ಮುಂದಿನ ದಶಕದ ಮೊದಲ ವರ್ಷಗಳ ಹೊತ್ತಿಗೆ ಶಾಲೆಗಳ ಸಂಖ್ಯೆ 2,500 ದಾಟಿತ್ತು. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದೇ ಯಂತ್ರವನ್ನು 'ಯೂನಿಕಾರ್ನ್' ಹೆಸರಿನಲ್ಲಿ ಹೊರತಂದಿತು. ಇಂಟೆಲ್ ಚಿಪ್ಪಿನ ಪಿ.ಸಿ.ಗಳು ಬಂದಮೇಲೆ ಇವು ಮೂಲೆ ಸೇರಿದವು.

ರಚನೆ: ಮಾಡೆಲ್ ಬಿ ಯಂತ್ರದಲ್ಲಿ 2 ಮೆಗಾಹರ್ಟ್ಸ್ ವೇಗದ 6502 ಚಿಪ್ಪು, 32 ಕೆ.ಬಿ. ಸ್ಮೃತಿ ಇದ್ದವು. ಬೇಸಿಕ್ ಭಾಷೆ ಓದಲು ಮಾತ್ರವಾದ ಸ್ಥಿರ ಸ್ಮೃತಿಯಲ್ಲೇ (ROM) ಅಡಗಿದ್ದರಿಂದ ಸ್ವಿಚ್ ಒತ್ತಿದೊಡನೆ ಆಜ್ಞೆ ಕೊಡಬಹುದಿತ್ತು. ಪರದೆಯೂ ಇದೇ 32 ಕೆ.ಬಿ.ಯಿಂದಲೇ ಪಾಲು ಪಡೆಯುತ್ತಿತ್ತು: 0ನೆಯ ಪರದೆ-ಮೋಡ್‌ಗೆ 20 ಕೆ.ಬಿ., ಬರಿ ಅಕ್ಷರಗಳ 7ನೆಯ ಮೋಡ್‌ಗೆ 1 ಕೆ.ಬಿ. 7ನೆಯ ಮೋಡ್‌ನಲ್ಲಿ, ಪರದೆ ಮೇಲಕ್ಕೆ ಸರಿಯದಿರುವಾಗ, ?31744=65 ಎಂದು ಬರೆದರೆ ಮೇಲಿನ ಎಡ ಮೂಲೆಯಲ್ಲಿ ಇಂಗ್ಲಿಷಿನ 'ಎ' ಮೂಡುತ್ತದೆ. ಸ್ಮೃತಿಯೆಂದರೆ ವಿಳಾಸವುಳ್ಳ ಮನೆಗಳ ಸಾಲು ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ. ಹೊರಗಿನ ಉಪಕರಣ ಜೋಡಿಸುವ ಯೂಸರ್ ಪೋರ್ಟಿನ ಎಂಟು ತಂತಿಗಳಿಗೂ ಹೀಗೆಯೇ ವಿಳಾಸವಿತ್ತು: ?65122=255 ಎಂಬುದು ಎಂಟನ್ನೂ ಹೊರಹರಿವಿಗೆ ತಿರುಗಿಸಿದರೆ, ?65120=1 ಎಂಬುದು ಮೊದಲ ತಂತಿಗೆ ವೋಲ್ಟೇಜ್ ಕೊಡುತ್ತಿತ್ತು. ಅಲ್ಲಿಗೆ ಟ್ರಾನ್ಸಿಸ್ಟರ್ ಮೂಲಕ ಬೆಸೆದ ಎಲ್‌ಇಡಿ ಉರಿಯುತ್ತಿತ್ತು. (ಟ್ರಾನ್ಸಿಸ್ಟರ್ ಬಿಡಬಾರದು, ಪೋರ್ಟು ಕೊಡುವ ವಿದ್ಯುತ್ತು ತೀರ ಕಡಿಮೆ.) ಯಂತ್ರದ ನಿಜವಾದ ಬೋಧನಾ ಮೌಲ್ಯ ಈ ಪೋರ್ಟಿನಲ್ಲಿತ್ತು ಎನ್ನಬಹುದು. ಕ್ಲಾಸ್ ಯೋಜನೆಯ ಗುರಿ ಮಾತ್ರ ಕಂಪ್ಯೂಟರ್ ಸಾಕ್ಷರತೆಯಾಗಿತ್ತು, ಬೆಸುಗೆಯಲ್ಲ.

ಹೈದರಾಬಾದ್: 1967ರಲ್ಲಿ ಸ್ಥಾಪಿತವಾದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇಸಿಐಎಲ್ ಇಲ್ಲಿಯದು. ಅದರ ಟಿಡಿಸಿ-12 (1969) ಪ್ರಯೋಗಾಲಯಗಳ ಯಂತ್ರ, ಮಕ್ಕಳ ಕೈಗೆ ಸಿಗುವಂಥದಲ್ಲ. ಇಂದು ಇಲ್ಲಿಯ ಪೋಷಕರಿಗೆ ಕಿಟ್‌ನ ಬಿಡಿಭಾಗಗಳು ದೊರೆಯುವ ಹಳೆಯ ಪೇಟೆ ಕೋಠಿಯ ಗುಜರಾತಿ ಗಲ್ಲಿ. ಕಿಟ್‌ಗಳಲ್ಲಿ ಸಾಮಾನ್ಯವಾದ ಆರ್ಡುಯಿನೊ ಊನೊ (ಆರ್3) ಬೋರ್ಡಿನ ಸ್ಮೃತಿ ಕೇವಲ 2 ಕೆ.ಬಿ., ಅಂದರೆ ಬಿಬಿಸಿ ಮೈಕ್ರೊದ ಹದಿನಾರನೆಯ ಒಂದು ಪಾಲು.

ಕನ್ನಡ ಬಲ್ಲ ಮಕ್ಕಳಲ್ಲಿ: ಕೇರಳ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ 2018ರಲ್ಲಿ ಆರಂಭಿಸಿದ 'ಲಿಟಲ್ ಕೈಟ್ಸ್' ಕೂಟಗಳು ಕನ್ನಡಿಗರೂ ಇರುವ ಕಾಸರಗೋಡಿನ ಪ್ರೌಢಶಾಲೆಗಳಲ್ಲೂ ಇವೆ, ಆರ್ಡುಯಿನೊ ಆಧಾರಿತ ಕಿಟ್‌ಗಳು ಅಲ್ಲಿ ಬಳಕೆಯಲ್ಲಿವೆ. ಬೆಂಗಳೂರಿನ ಇಎಸ್‌ಎ ಕಂಪನಿಯ 8085 ಚಿಪ್ಪಿನ ತರಬೇತಿ ಕಿಟ್‌ಗಳು ಮಾತ್ರ ಮಕ್ಕಳಿಗಲ್ಲ, ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಉದ್ದೇಶಿಸಿದಂಥವು.

ಬಿಬಿಸಿ ಮೈಕ್ರೊವನ್ನು ಇಂದು ಬೀಬ್‌ಎಮ್‌ನಂಥ ಅನುಕರಣ ತಂತ್ರಾಂಶದಲ್ಲಿ ಉಚಿತವಾಗಿ ನಡೆಸಬಹುದು. ಪರದೆಯ ಮೇಲೆ ಅಕ್ಷರ ಮೂಡಿಸುವ ಆಜ್ಞೆ ಅದರಲ್ಲೂ ನಡೆಯುತ್ತದೆ. ದೀಪ ಉರಿಸಲು ಮಾತ್ರ ನಿಜವಾದ ಬೋರ್ಡೇ ಬೇಕು.